ಆರೋಗ್ಯ ತಪಾಸಣೆಗೆ ಗೈರು: ವಡಾಲದ ದುಡಿಮೆಗಾರರ ಲೆಕ್ಕಾಚಾರ

ಕೆಲಸದ ಜಾಗದಲ್ಲಿ ಏರ್ಪಡಿಸುವ ಆರೋಗ್ಯ ತಪಾಸಣೆಗೆ ನೌಕರರು ಬಾರದಿದ್ದಾಗ ಆಡಳಿತ ವರ್ಗ ಸಾಮಾನ್ಯವಾಗಿ ಅಜ್ಞಾನವನ್ನೋ ಉದಾಸೀನವನ್ನೋ ದೂರುತ್ತದೆ. ಈ ಲೇಖನದ ವಾದವೆಂದರೆ, ಈ ಗೈರುಹಾಜರಿಯ ಹಿಂದೆ ಬಹುಮಟ್ಟಿಗೆ ಒಂದು ಲೆಕ್ಕಾಚಾರವಿದೆ. ಕಾಯಿಲೆ ಪತ್ತೆಯಾದರೆ ಸಿಗಬಹುದಾದ ಚಿಕಿತ್ಸೆ ದೂರದ್ದು. ಕೈತಪ್ಪಬಹುದಾದ ಸಂಬಳ ಈ ತಿಂಗಳದ್ದು. ಈ ಲೆಕ್ಕಾಚಾರವನ್ನು ಒರೆಗೆ ಹಚ್ಚಲು ಮುಂಬಯಿಯ ವಡಾಲ ತಕ್ಕ ಜಾಗ. ನಗರ ಸಾರಿಗೆ ಸಂಸ್ಥೆಯಾದ ಬೆಸ್ಟ್‌ನ ಬಸ್ ಡಿಪೋ ಅಲ್ಲಿದೆ, ಬಂದರು ನೌಕರರ ಆಸ್ಪತ್ರೆ ಅಲ್ಲಿದೆ, ಕನ್ನಡ ಶಾಲೆಯಿದೆ. ಕರಾವಳಿಯ ಹುಡುಗರು ದುಡಿಯುವ ಉಡುಪಿ ಹೋಟೆಲುಗಳು ಪಕ್ಕದ ಮಾಟುಂಗದವರೆಗೂ ಹಬ್ಬಿವೆ.

ತಪಾಸಣೆಯ ಬಗೆಗಿನ ಅಂಜಿಕೆಗೆ ಇಲ್ಲಿ ಹಳೆಯ ಬೇರುಗಳಿವೆ. ವಡಾಲದ ಆಕ್ವರ್ತ್ ಕುಷ್ಠರೋಗ ಆಸ್ಪತ್ರೆ 1890ರಲ್ಲಿ ನಿರ್ಗತಿಕ ರೋಗಿಗಳನ್ನು ಊರಿನಿಂದ ಬೇರೆಯಿರಿಸುವ ಆಶ್ರಮವಾಗಿ ಶುರುವಾಯಿತು. ಪ್ಲೇಗಿನ ಕಾಲದಲ್ಲಿ, 1896ರ ಅಕ್ಟೋಬರಿನಲ್ಲಿ, ಗಿರಣಿ ಕಾರ್ಮಿಕರ ದೊಡ್ಡ ಗುಂಪೊಂದು ಪ್ಲೇಗ್ ರೋಗಿಗಳನ್ನು ಇರಿಸುತ್ತಿದ್ದ ಆರ್ಥರ್ ರೋಡ್ ಆಸ್ಪತ್ರೆಯ ಮೇಲೆ ದಾಳಿ ಮಾಡಿತು. 1898ರ ಕುಷ್ಠರೋಗಿಗಳ ಕಾಯ್ದೆಯಂತೂ ರೋಗಿಯು ತಿಂಡಿತಿನಿಸು ತಯಾರಿಸಿ ಮಾರುವುದನ್ನೂ ಬಾಡಿಗೆ ವಾಹನ ಓಡಿಸುವುದನ್ನೂ ನಿಷೇಧಿಸುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿತ್ತು. ರೋಗ ಗೊತ್ತಾಗುವುದಕ್ಕೂ ಕಸುಬು ಕಳೆದುಕೊಳ್ಳುವುದಕ್ಕೂ ಇರುವ ನಂಟು ಹೀಗೆ ಕಾನೂನಿನಲ್ಲೇ ಬರೆದಿದ್ದ ಸಂಗತಿ.

ಅದೇ ಎರಡು ಕಸುಬುಗಳನ್ನು ಇಂದಿನ ವ್ಯವಸ್ಥೆಯಲ್ಲಿಟ್ಟು ನೋಡಬಹುದು. 2011ರ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಹೋಟೆಲಿನ ಅಡುಗೆಯವ, ಸಪ್ಲೈಯರ್ ಎಲ್ಲರಿಗೂ ವರ್ಷಕ್ಕೊಮ್ಮೆ ತಪಾಸಣೆಯಾಗಬೇಕು. ಕಣ್ಣು, ಚರ್ಮ, ಸಾಂಕ್ರಾಮಿಕ ರೋಗದ ಪರೀಕ್ಷೆ, ಟೈಫಾಯ್ಡ್ ಲಸಿಕೆ ಇವನ್ನೆಲ್ಲ ನಮೂದಿಸಿ ವೈದ್ಯರು ಸಹಿ ಮಾಡಿದ ದಾಖಲೆ ಇನ್‌ಸ್ಪೆಕ್ಟರಿಗೆ ತೋರಿಸಲೆಂದು ಹೋಟೆಲಿನಲ್ಲೇ, ಅಂದರೆ ಧಣಿಯ ಕೈಯಲ್ಲೇ, ಇರುತ್ತದೆ. ಹೋಟೆಲಿನಲ್ಲೇ ಉಂಡು ಮಲಗುವ ಹುಡುಗನಿಗೆ ಕೆಲಸ ಹೋದರೆ ಊಟವೂ ಹಾಸಿಗೆಯೂ ಅದೇ ದಿನ ಹೋಗುತ್ತವೆ. ಇನ್ನು ಬಸ್ ಚಾಲಕ: ಇಪ್ಪತ್ತೈದು ಮೀಟರ್ ದೂರದ ನಂಬರ್ ಪ್ಲೇಟನ್ನು ಓದಬಲ್ಲನೇ ಎಂದು ಲೈಸೆನ್ಸಿನ ವೈದ್ಯಕೀಯ ಪ್ರಮಾಣಪತ್ರ ಕೇಳುತ್ತದೆ. ಓದಲಾಗದಿದ್ದರೆ ಮುಂದೇನು? ದೃಷ್ಟಿ ಮಂದವಾದ ಚಾಲಕರನ್ನು ರಾಜಸ್ಥಾನದ ಸಾರಿಗೆ ನಿಗಮ ಮನೆಗೆ ಕಳಿಸಿದಾಗ, ಆನಂದ್ ಬಿಹಾರಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಬದಲಿ ಕೆಲಸದ ದಾರಿ ತೋರಿಸಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸೇವೆಯಲ್ಲಿರುವಾಗ ಅಂಗವಿಕಲರಾದವರ ನೌಕರಿಯನ್ನು ಕಾಯುತ್ತದೆ. ಆದರೆ ಸರಕಾರಿ ಸಂಸ್ಥೆಗಳಲ್ಲಿ ಮಾತ್ರ. ಖಾಸಗಿ ಗುತ್ತಿಗೆದಾರನ ಬಸ್ಸನ್ನು ಬೆಸ್ಟ್ ಮಾರ್ಗದಲ್ಲಿ ಓಡಿಸುವವನಿಗೆ ಈ ಆಸರೆ ಸಿಗುವುದು ಕಷ್ಟ.

ಈ ವಾದಕ್ಕೆ ಎರಡು ಆಕ್ಷೇಪಗಳು ಬರಬಹುದು. ಮೊದಲನೆಯದು, ಅಡ್ಡಿ ಬರಿಯ ಬಿಡುವಿನದು, ಖರ್ಚಿನದು ಎಂಬುದು. ಅದರಲ್ಲಿ ಹುರುಳಿದೆ; ಒಂದು ಪಾಳಿಯ ಕೂಲಿ ಸಣ್ಣದಲ್ಲ. ಆದರೆ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 2016ರಲ್ಲಿ ಸುಮಾರು 5,000 ನೌಕರರೊಂದಿಗೆ ನಡೆದ ಪ್ರಯೋಗದಲ್ಲಿ, 200 ಡಾಲರ್ ಸಿಗುವುದೆಂದು ತಿಳಿಸಲಾದವರಲ್ಲೂ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಂದಿ ತಪಾಸಣೆ ಮುಗಿಸದೆ ಉಳಿದರು. ಬಂದವರಾದರೂ ಮೊದಲೇ ಕಡಿಮೆ ವೈದ್ಯಕೀಯ ವೆಚ್ಚವಿದ್ದವರು. ಭಯವೇ ಕಾರಣವೆಂದು ಇದು ಸಾಧಿಸುವುದಿಲ್ಲ, ಹಣವೊಂದೇ ಸಾಲದೆಂದು ಮಾತ್ರ ತೋರಿಸುತ್ತದೆ. ಭಯಕ್ಕೆ ಆಧಾರವಿದೆಯೆಂಬುದಕ್ಕೆ ಸಾಕ್ಷಿ ಬೇಕಿದ್ದರೆ, ಕಾಯಮಾತಿಗೆ ಮುನ್ನ ನಡೆದ ತಪಾಸಣೆಯಲ್ಲಿ ಎಚ್‌ಐವಿ ಕಂಡುಬಂದು ಕೆಲಸ ಕಳೆದುಕೊಂಡ ದಿನಗೂಲಿ ನೌಕರನ ಪ್ರಕರಣವಿದೆ. ದುಡಿಯಲು ಶಕ್ತನಾದವನನ್ನು ಸೋಂಕಿನ ಕಾರಣಕ್ಕೆ ತೆಗೆಯಕೂಡದೆಂದು ಬೊಂಬಾಯಿ ಹೈಕೋರ್ಟ್ 1997ರಲ್ಲಿ ತೀರ್ಪಿತ್ತಿತು.

ಎರಡನೆಯ ಆಕ್ಷೇಪ ಸಾರ್ವಜನಿಕರ ಸುರಕ್ಷತೆಯದು: ಕಣ್ಣು ಕಾಣದವನು ಬಸ್ ಓಡಿಸಬಾರದು, ಟೈಫಾಯ್ಡ್ ಇರುವವನು ಸಾಂಬಾರು ಬಡಿಸಬಾರದು. ಸರಿಯೇ. ಆದರೆ ಅದಕ್ಕಾಗಿ ಮಾಲೀಕನಿಗೆ ತಿಳಿಯಬೇಕಾದದ್ದು ಈ ಕೆಲಸಕ್ಕೆ ಈಗ ಈತ ಯೋಗ್ಯನೋ ಅಲ್ಲವೋ ಎಂಬುದಷ್ಟೇ. ರೋಗದ ಹೆಸರು ವೈದ್ಯನಲ್ಲೇ ಉಳಿಯಬಹುದು. ಅಲ್ಲದೆ ಕೆಲಸ ಹೋಗುವ ಭಯದಿಂದ ರೋಗ ಮುಚ್ಚಿಟ್ಟರೆ ಅಪಾಯ ಗಿರಾಕಿಗೂ ಪ್ರಯಾಣಿಕನಿಗೂ ತಪ್ಪಿದ್ದಲ್ಲ. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ನಿಗದಿತ ವರ್ಗದ ನೌಕರರಿಗೆ ವರ್ಷಕ್ಕೊಮ್ಮೆ ಉಚಿತ ತಪಾಸಣೆಯನ್ನು ವಿಧಿಸುತ್ತದೆ. ಅದರ ಜೊತೆಗೆ ಗುಣವಾಗುವವರೆಗಿನ ಸಂಬಳ, ಬದಲಿ ಕೆಲಸ ಮತ್ತು ವರದಿಯ ಗೋಪ್ಯತೆ ಗುತ್ತಿಗೆಯವರಿಗೂ ಖಾತ್ರಿಯಾಗಬೇಕು. ಇಲ್ಲದಿದ್ದರೆ ಉಚಿತ ತಪಾಸಣೆಯೂ ನೌಕರನ ಪಾಲಿಗೆ ದುಬಾರಿಯೇ.