ಉಬ್ಬಸವೂ ನಾಲಗೆಯಡಿಯ ಔಷಧವೂ

ಚಾಮರಾಜನಗರಕ್ಕೆ ಪೂರ್ವದಲ್ಲಿ ಅರಿಕುಠಾರವೆಂದು ಹೆಸರಿದ್ದಿತು. ಮುಮ್ಮಡಿ ಕೃಷ್ಣರಾಜ ಒಡೆಯರವರು ತಮ್ಮ ತಂದೆಯವರ ಜನ್ಮಸ್ಥಳವಾದ ಈ ಊರಿಗೆ ೧೮೧೮ರಲ್ಲಿ ಅವರ ನಾಮವನ್ನೇ ಇಟ್ಟ ಸಂಗತಿಯು ವಾಚಕರಿಗೆ ವಿದಿತವೇ ಆಗಿದೆ. ಆ ದೊರೆಗಳ ಬಾಲ್ಯದಲ್ಲಿ ಮತ್ತೊಂದು ಸಂಗತಿಯೂ ನಡೆದಿದ್ದಿತು. ೧೮೦೨ರಲ್ಲಿ ಮುಂಬಯಿಗೆ ಬಂದಿಳಿದ ಸಿಡುಬಿನ ಹೊಸ ದಾಕನ್ನು ಜನರು ಶಂಕೆಯಿಂದ ನೋಡುತ್ತಿದ್ದಾಗ, ಮೈಸೂರು ರಾಣೀವಾಸದಲ್ಲಿ ಅದಕ್ಕೆ ಆದರವು ದೊರೆಯಿತು. ಥಾಮಸ್ ಹಿಕಿಯು ೧೮೦೫ರ ಸುಮಾರಿನಲ್ಲಿ ಬರೆದ ಚಿತ್ರವೊಂದರಲ್ಲಿ ತೋಳನ್ನು ತೋರುತ್ತಿರುವ ಸ್ತ್ರೀಯು ದಾಕು ಹಾಕಿಸಿಕೊಂಡ ರಾಣಿಯೇ ಎಂದು ಇತಿಹಾಸಜ್ಞರು ಗುರುತಿಸಿರುತ್ತಾರೆ.

ದೇಹಕ್ಕೆ ಪಾಠ ಕಲಿಸುವ ಈ ವಿದ್ಯೆಯು ಮುಂದೆ ಮತ್ತೊಂದು ಕವಲೊಡೆಯಿತು. ನಿರಪಾಯವಾದ ವಸ್ತುವನ್ನೂ ವೈರಿಯೆಂದು ಭ್ರಮಿಸಿ ಕೆರಳುವ ದೇಹಸ್ವಭಾವಕ್ಕೆ ೧೯೦೬ರಲ್ಲಿ ಪಿರ್ಕೆ ಎಂಬ ವೈದ್ಯನು ಅಲರ್ಜಿಯೆಂದು ಹೆಸರಿಟ್ಟನು. ೧೯೧೧ರಲ್ಲಿ ಲಂಡನ್ನಿನ ಲಿಯೊನಾರ್ಡ್ ನೂನನು ಹುಲ್ಲಿನ ಪರಾಗದ ಸಾರವನ್ನು ಸೂಜಿಯಿಂದ ಕೊಟ್ಟು ಅದರ ಪೀಡೆಯನ್ನು ತಗ್ಗಿಸಿದನು. ಸಿಡುಬಿನ ದಾಕು ಹೋರಾಡುವುದನ್ನು ಕಲಿಸುತ್ತದೆ. ಇದಾದರೋ ಸೈರಿಸುವುದನ್ನು ಕಲಿಸುತ್ತದೆ.

ಗೂರಲು, ಉಬ್ಬಸ ಮುಂತಾದುವಕ್ಕೆ ಶೀತವೇ ಕಾರಣವೆಂದು ಹೇಳುವುದು ವಾಡಿಕೆ. ಇದು ಅರ್ಧಸತ್ಯ. ಅನೇಕರಲ್ಲಿ ಉಬ್ಬಸವನ್ನು ಕೆರಳಿಸುವುದು ಹಾಸಿಗೆಯ ಧೂಳಿನಲ್ಲಿರುವ ನುಸಿ. ಲೈಡನ್ನಿನ ಫೋರ್‌ಹಾರ್ಸ್ಟ್ ಮೊದಲಾದ ಪಂಡಿತರು ೧೯೬೪ರಲ್ಲಿ ಇದನ್ನು ತೋರಿಸಿಕೊಟ್ಟರು. ಕಣ್ಣಿಗೆ ಕಾಣದಂತಹ ಈ ಜೀವಿಯು ಮನುಷ್ಯರ ಮೈಯಿಂದ ಉದುರಿದ ಚರ್ಮದ ಹೊಟ್ಟನ್ನು ತಿಂದು, ಗಾಳಿಯ ತೇವವನ್ನು ಹೀರಿ ಬದುಕುತ್ತದೆ. ಇದರ ಮಲದಲ್ಲಿರುವ ಅಂಶವೇ ಮುಖ್ಯ ಪೀಡಕ. ಗುಂಡ್ಲುಪೇಟೆಯ ಸೀಮೆಯಲ್ಲಿ ಹಿಮವದ್ಗೋಪಾಲಸ್ವಾಮಿ ಬೆಟ್ಟಕ್ಕೆ ಮುಸುಕುವ ಮಂಜು ತಾನಾಗಿ ನುಸಿಯನ್ನು ತಾರದು. ಆದರೆ ತೇವವಾರದ ಕಂಬಳಿ, ಬಿಸಿಲು ಕಾಣದ ದಿಂಬು ಎಲ್ಲಿದ್ದರೂ ಅಲ್ಲಿ ಅದಕ್ಕೆ ಬೀಡು.

ಸೂಜಿಗೆ ಬದಲಾಗಿ ನಾಲಗೆಯಡಿಯಲ್ಲಿ ನುಸಿಯ ಸಾರವನ್ನಿಡುವ ಕ್ರಮವನ್ನು ೧೯೮೬ರಲ್ಲಿ ಇಂಗ್ಲೆಂಡಿನ ವೈದ್ಯರು ಪರೀಕ್ಷಿಸಿ ಪ್ರಕಟಿಸಿದರು. ೨೦೧೫ರಲ್ಲಿ ಯೂರೋಪಿನ ಹಲವು ದೇಶಗಳು ನುಸಿಯ ಗುಳಿಗೆಯೊಂದಕ್ಕೆ ಸಮ್ಮತಿಯಿತ್ತವು. ಬಾಯಿಯ ಒಳಪೊರೆಯ ಕಣಗಳು ಸಾರವನ್ನು ಗ್ರಹಿಸಿ, ಕ್ರಮೇಣ ದೇಹದ ಉದ್ರೇಕವನ್ನು ಶಮನಗೊಳಿಸುತ್ತವೆ. ಬಾಯಿ ತುರಿಸುವುದು ಸಾಮಾನ್ಯ. ಅಪರೂಪವಾಗಿ ತೀವ್ರ ವಿಕಾರವೂ ಉಂಟಾಗಬಹುದಾದ್ದರಿಂದ ಮೊದಲ ಗುಳಿಗೆಯನ್ನು ವೈದ್ಯರ ಎದುರಿನಲ್ಲಿಯೇ ಸೇವಿಸತಕ್ಕದ್ದು. ಹತೋಟಿಗೆ ಬಾರದ ಉಬ್ಬಸವುಳ್ಳವರಿಗೆ ಇದು ಸಲ್ಲದು. ಸೌಮ್ಯವಾದ ಉಬ್ಬಸವುಳ್ಳವರೂ ಉಸಿರಿನ ಮೂಲಕ ಸೇವಿಸುವ ಔಷಧವನ್ನು ತಾವಾಗಿ ಬಿಡಲಾಗದು.

ಈ ಚಿಕಿತ್ಸೆಯು ಸಾಮಾನ್ಯವಾಗಿ ಮೂರು ವರ್ಷಗಳು ನಡೆಯಬೇಕು. ತುಸು ಗುಣ ತೋರಿದೊಡನೆ ನಿಲ್ಲಿಸಿದವರಿಗೆ ಬಹುಕಾಲ ನಿಲ್ಲುವ ಫಲವು ದೊರೆಯುವುದು ದುರ್ಲಭ. ೨೦೧೬ರಲ್ಲಿ ಚಾಮರಾಜನಗರಕ್ಕೆ ವೈದ್ಯಕೀಯ ಕಾಲೇಜು ಬಂದಿತು. ಆದರೂ ದಿನದಿನವೂ ಗುಳಿಗೆಯನ್ನು ಮರೆಯದಿರುವ ಕೆಲಸವು ಮನೆಯದೇ. ಅಂದಿನ ರಾಣಿಗೆ ಬೇಕಾದದ್ದು ಒಂದು ಗಳಿಗೆಯ ಧೈರ್ಯ. ಇಂದಿನ ರೋಗಿಗೆ ಬೇಕಾದದ್ದು ಮೂರು ವರ್ಷಗಳ ತಾಳ್ಮೆ.