ನೀರು ನಿಂತಾಗಲೇ ಲೆಕ್ಕ ಚುಕ್ತಾ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ನಮ್ಮ ಹಿರಿಯರು ಹಿತ್ತಲಲ್ಲಿ ಟಾಕಿ ಕಟ್ಟಿ ನೋಡು ಎಂಬ ಮೂರನೆಯ ಮಾತನ್ನೂ ಸೇರಿಸಬಹುದಿತ್ತು. ಕಲಘಟಗಿ ತಾಲ್ಲೂಕಿನ ಮಿಶ್ರಿಕೋಟಿಯಂಥ ಊರುಗಳಲ್ಲಿ ಹಿತ್ತಲಿನಲ್ಲೋ ಹೊಲದ ಮೂಲೆಯಲ್ಲೋ ನೀರಿನ ಟಾಕಿ, ಹೊಂಡ, ಮಕ್ಕಳು ಈಜಲೆಂದು ಪುಟ್ಟದೊಂದು ಕೊಳ ಕಟ್ಟಿಸಿದವರನ್ನು ಮಾತಿಗೆಳೆದು ನೋಡಿ. ಅಗೆತದ ದಿನಗಳ ಬಗ್ಗೆ ಅವರದು ಹೆಚ್ಚಿನ ದೂರು ಇರುವುದಿಲ್ಲ. ತಕರಾರು ಹುಟ್ಟುವುದು ಕೊನೆಯ ಹದಿನೈದು ದಿನಗಳಲ್ಲಿ. ಗಿಲಾವು ಮುಗಿದಿರುತ್ತದೆ, ಪೈಪು ಜೋಡಿಸುವುದು ಬಾಕಿ. ಗೌಂಡಿ ಆಗಲೇ ಬೇರೆ ಊರಿನ ಕೆಲಸ ಹಿಡಿದಿರುತ್ತಾನೆ. ಗುತ್ತಿಗೆದಾರ ಉಳಿದ ಹಣ ಕೇಳುತ್ತಾನೆ, ಮಾಲೀಕ ನೀರು ತುಂಬಿಸಿ ನೋಡೋಣ ಎನ್ನುತ್ತಾನೆ. ತುಂಬಿದ ನೀರು ಎರಡು ದಿನದಲ್ಲಿ ನಾಲ್ಕು ಬೆರಳು ಇಳಿದರೆ ಬಿಸಿಲಿಗೆ ಆರಿತು ಎಂದು ಒಬ್ಬ, ಸೋರಿತು ಎಂದು ಇನ್ನೊಬ್ಬ.

ಇದು ಇಂದಿನ ಜಗಳವಲ್ಲ. ನೀರಿಗಾಗಿ ನೆಲ ಅಗೆಯಲು ಮನುಷ್ಯ ಇನ್ನೊಬ್ಬನನ್ನು ಗೊತ್ತುಮಾಡಿದ ದಿನದಿಂದಲೂ ಎರಡು ಪ್ರಶ್ನೆಗಳು ಬೆನ್ನು ಹತ್ತಿವೆ. ಕೆಲಸ ಮುಗಿಯಿತು ಎಂದು ಹೇಳುವವರು ಯಾರು? ಮುಗಿದ ಮೇಲೂ ನೀರು ನಿಲ್ಲದಿದ್ದರೆ ಅದರ ಬೆಲೆ ತೆರುವವರು ಯಾರು?

ಬೆಲೆ ತೆತ್ತವರು

ಉತ್ತರ ಕರ್ನಾಟಕದ ಜನಪದರಿಗೆ ಎರಡನೆಯ ಪ್ರಶ್ನೆಯ ಉತ್ತರ ಚೆನ್ನಾಗಿ ಗೊತ್ತಿತ್ತು. ‘ಕೆರೆಗೆ ಹಾರ’ ಎಂಬ ಕಥನಗೀತೆಯನ್ನು ಕೇಳದ ಕನ್ನಡಿಗರು ವಿರಳ. ಕಲ್ಲನಕೆರೆಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ಹನಿ ನೀರೂ ಬರುವುದಿಲ್ಲ. ಶಾಸ್ತ್ರ ಕೇಳಿದಾಗ ಸೊಸೆಯನ್ನು ಬಲಿ ಕೊಡಬೇಕೆಂಬ ಮಾತು ಬರುತ್ತದೆ. ಕಿರಿಯ ಸೊಸೆ ಭಾಗೀರಥಿ ಕೆರೆಗೆ ಹಾರವಾಗುತ್ತಾಳೆ. ಕೆರೆಯ ಜಾಗ ಆರಿಸಿದವರು ಯಾರು, ಅಗೆದವರು ಯಾರು, ತಪ್ಪು ಎಲ್ಲಾಯಿತು ಎಂದು ಯಾರೂ ಕೇಳುವುದಿಲ್ಲ. ಮನೆಯಲ್ಲಿ ಎದುರು ಮಾತಾಡಲಾರದವಳು ಯಾರೋ ಅವಳ ಮೇಲೆ ಲೆಕ್ಕ ಬೀಳುತ್ತದೆ.

ಇದು ಬರೀ ಹಾಡು ಎನ್ನುವಂತಿಲ್ಲ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯ ಕಟ್ಟಿಸುತ್ತಿದ್ದ ದೊಡ್ಡ ಕೆರೆಯೊಂದನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳಂತೆ ಮುತ್ತಿಕೊಂಡು ದುಡಿಯುತ್ತಿದ್ದರಂತೆ. ರಾಯ ಕೆಲಸವನ್ನು ತನ್ನ ನಾಯಕರಿಗೆ ಹಂಚಿಕೊಟ್ಟಿದ್ದ. ತನ್ನ ಕೈಕೆಳಗಿನ ಜನರಿಂದ ಪಾಲಿನ ಕೆಲಸ ಮುಗಿಸುವುದು ಆಯಾ ನಾಯಕನ ಹೊಣೆ. ಇಂದಿನ ಮಾತಿನಲ್ಲಿ ಹೇಳುವುದಾದರೆ ತುಂಡು ಗುತ್ತಿಗೆ.

ಆದರೆ ಏರಿ ಎರಡು ಮೂರು ಬಾರಿ ಒಡೆಯಿತು. ಪುರೋಹಿತರು ದೇವರು ಬಲಿ ಬೇಡುತ್ತಿದ್ದಾನೆ ಎಂದರು. 60 ಜನರ, ಜೊತೆಗೆ ಕೆಲವು ಕುದುರೆ ಮತ್ತು ಕೋಣಗಳ ತಲೆ ಕಡಿಯಲಾಯಿತು ಎಂದು ಪಾಯೆಸ್ ಬರೆಯುತ್ತಾನೆ. ಸುಮಾರು 1535ರಲ್ಲಿ ಬರೆದ ನುನಿಜ್, ಬಲಿಯಾದವರು ಮರಣದಂಡನೆಗೆ ಅರ್ಹರೆನಿಸಿದ್ದ ಸೆರೆಯಾಳುಗಳು ಎನ್ನುತ್ತಾನೆ. ಏರಿ ಒಡೆದದ್ದಕ್ಕೆ ನಾಯಕರ ತಲೆದಂಡವಾಯಿತೆಂದು ಇಬ್ಬರೂ ಹೇಳುವುದಿಲ್ಲ.

ನುನಿಜ್ ಇನ್ನೊಂದು ಸ್ವಾರಸ್ಯದ ಸಂಗತಿ ಹೇಳುತ್ತಾನೆ. ರಾಯನ ಕೋರಿಕೆಯ ಮೇರೆಗೆ ಗೋವೆಯಿಂದ ಜೋವಾವ್ ದೆಲ್ಲಾ ಪೋಂತೆ ಎಂಬ ಕಲ್ಲುಕೆಲಸದ ನಿಪುಣ ಬಂದ. ಕೆಲಸ ನೋಡಿ ಆತ ಮೊದಲು ಕೇಳಿದ್ದು ಸುಣ್ಣ. ರಾಯನಿಗೆ ನಗು ಬಂತಂತೆ. ಬರೀ ಕಲ್ಲು ಮಣ್ಣು ಸುರಿದರೆ ನೀರು ದಾರಿ ಮಾಡಿಕೊಳ್ಳುತ್ತದೆ, ಸಂದು ಮುಚ್ಚುವ ಗಾರೆ ಬೇಕು ಎಂಬುದು ಕಸುಬುದಾರನ ಲೆಕ್ಕ. ಹೊಸ ಸಾಮಗ್ರಿ ಕೇಳಿದ ಮೇಸ್ತ್ರಿಯನ್ನು ಮಾಲೀಕ ಅನುಮಾನದಿಂದ ನೋಡುವ ಪರಿಪಾಠ ಅಂದೂ ಇತ್ತು!

ಇದೇ ನುನಿಜ್ ಹೇಳುವ ಮತ್ತೊಂದು ಮಾತು ನೆನಪಿಡುವಂಥದು. ಕೆರೆ ಮುಗಿದ ಮೇಲೆ, ಅದರ ನೀರಿನಿಂದ ಸಾಗುವಳಿಯಾಗುವ ಭೂಮಿಯನ್ನು ರೈತರು ಹಸನು ಮಾಡಿಕೊಳ್ಳಲೆಂದು ರಾಯ ಒಂಬತ್ತು ವರ್ಷ ಕಂದಾಯವಿಲ್ಲದೆ ಬಿಟ್ಟುಕೊಟ್ಟ. ಕಂದಾಯ ಬಂದದ್ದು ಆಮೇಲೆ. ಈ ಸಂಗತಿಗೆ ಮತ್ತೆ ಬರೋಣ.

ಸಾಕ್ಷಿ ನುಡಿಯುವ ಕಲ್ಲು, ಮಣ್ಣು

ಕೆಲಸ ಮುಗಿಯಿತೆಂದು ಹೇಳುವವರು ಯಾರು ಎಂಬ ಮೊದಲ ಪ್ರಶ್ನೆಗೆ ಕಸುಬುದಾರರು ಬೇರೆಯೇ ಉತ್ತರ ಕಂಡುಕೊಂಡರು. ಮಾತಿನ ಬದಲು ಗುರುತು.

ಹಂಪಿಯ ರಾಜಾವರಣದಲ್ಲಿ 1980ರ ದಶಕದ ಉತ್ಖನನದಲ್ಲಿ ಹೊರಬಂದ ಮೆಟ್ಟಿಲು ಪುಷ್ಕರಣಿಯನ್ನು ಪ್ರವಾಸ ಹೋದವರೆಲ್ಲ ನೋಡಿರುತ್ತೀರಿ. ಸುಮಾರು 22 ಮೀಟರ್ ಚೌಕ, 7 ಮೀಟರ್ ಆಳ, ಐದು ಹಂತ. ಮೆಟ್ಟಿಲುಗಳ ಅಂದಕ್ಕೆ ಮರುಳಾಗಿ ಹೆಚ್ಚಿನವರು ಗಮನಿಸದೆ ಬರುವ ಸಂಗತಿಯೊಂದು ಅಲ್ಲಿದೆ. ಕಪ್ಪು ಕಲ್ಲುಗಳ ಮೇಲೆ ಅಕ್ಷರ, ಅಂಕೆ, ಗೆರೆಗಳನ್ನು ಕೊರೆಯಲಾಗಿದೆ. ಯಾವ ದಿಕ್ಕು, ಯಾವ ಸಾಲು, ಸಾಲಿನಲ್ಲಿ ಎಷ್ಟನೆಯದು ಎಂಬುದರ ಗುರುತುಗಳಿವು. ಬೇರೆಡೆ ಕಡೆದು ತಂದ ಕಲ್ಲು ತನ್ನ ಜಾಗದಲ್ಲೇ ಕೂತಿದೆಯೇ ಎಂಬುದಕ್ಕೆ ಕಲ್ಲೇ ಸಾಕ್ಷಿ. ಅಲ್ಲಿ ವಾದಕ್ಕೆ ಎಡೆಯಿಲ್ಲ.

ಇಂದಿನ ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ, ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆಯ 1369ರ ಶಾಸನ ಇನ್ನೂ ಮುಂದೆ ಹೋಗುತ್ತದೆ. ದಿನವೂ 1000 ಆಳು, ಕಲ್ಲು ಹೊರಲು 100 ಬಂಡಿ, ಎರಡು ವರ್ಷದ ಕೆಲಸ ಎಂದು ಅದು ದಾಖಲಿಸುತ್ತದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಬರುವ ಆರು ದೋಷಗಳನ್ನೂ ಪಟ್ಟಿ ಮಾಡುತ್ತದೆ. ಏರಿಯಲ್ಲಿ ನೀರು ಜಿನುಗುವುದು, ಸವುಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ಕೆರೆಯಂಗಳದ ನಡುವೆ ದಿಬ್ಬ, ನೀರು ಕಡಿಮೆ ಹೊಲ ಹೆಚ್ಚು, ಹೊಲ ಕಡಿಮೆ ನೀರು ಹೆಚ್ಚು. ದೇವರ ಕೋಪ ಈ ಆರು ದೋಷಗಳಲ್ಲಿ ಸೇರಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಬಲಿಗೆ ನೂರೈವತ್ತು ವರ್ಷ ಮೊದಲೇ ಕೆರೆ ಏಕೆ ಕೆಡುತ್ತದೆ ಎಂಬುದು ಕಲ್ಲಿನ ಮೇಲೆ ಬರೆದಿತ್ತು.

ಮಣ್ಣಿನ ಕೆಲಸದವರ ಉಪಾಯ ಇನ್ನೂ ಸರಳ. ಹನ್ನೆರಡನೆಯ ಶತಮಾನದಲ್ಲಿ ಸೊಲ್ಲಾಪುರದಲ್ಲಿ ಕೆರೆ ಕಟ್ಟಿದ ಶಿವಯೋಗಿ ಸಿದ್ಧರಾಮನನ್ನು ತಮ್ಮ ಗುರುವೆಂದು ನೆನೆಯುವ ವಡ್ಡರು ತಲೆಮಾರುಗಳಿಂದ ಈ ನಾಡಿನ ಕೆರೆ, ಬಾವಿ ತೋಡಿದವರು. ಅಗೆದಷ್ಟಕ್ಕೆ ಕೂಲಿ ಎಂದಾಗ ಅಗೆದದ್ದೆಷ್ಟು ಎಂದು ತಿಳಿಯುವುದು ಹೇಗೆ? ಮೂಲ ನೆಲವೇ ಮಾಯವಾಗಿರುತ್ತದಲ್ಲ! ಅದಕ್ಕಾಗಿ ಗುಂಡಿಯ ನಡುವೆ ಅಲ್ಲಲ್ಲಿ ಮಣ್ಣಿನ ಕಂಬಗಳನ್ನು ಅಗೆಯದೆ ಬಿಡುವ ರೂಢಿ ಬೆಳೆಯಿತು. ಕಂಬದ ನೆತ್ತಿಯ ಮೇಲೆ ಹಳೆಯ ಹುಲ್ಲು ಹಾಗೆಯೇ ಇರಬೇಕು. ಹುಲ್ಲಿದ್ದರೆ ಯಾರೂ ಮೇಲೆ ಮಣ್ಣು ಪೇರಿಸಿಲ್ಲ, ಯಾರೂ ಸವರಿಲ್ಲ ಎಂದರ್ಥ. ಕಂಬದ ಎತ್ತರವೇ ಗುಂಡಿಯ ಆಳ. ಇಷ್ಟು ಬ್ರಾಸ್ ಎಂದು ಇಬ್ಬರೂ ಒಪ್ಪಿದ ಮೇಲೆಯೇ ಕಂಬ ಕಡಿಯುವುದು. ಆ ಹಿಡಿ ಹುಲ್ಲು ಮಾಲೀಕನನ್ನೂ ಕಾಯುತ್ತಿತ್ತು, ಕೂಲಿಯವನನ್ನೂ ಕಾಯುತ್ತಿತ್ತು.

ಬ್ರಿಟಿಷರ ಕಾಲದ ಲೋಕೋಪಯೋಗಿ ಇಲಾಖೆ ಈ ಸಾಕ್ಷಿಯನ್ನು ಪುಸ್ತಕಕ್ಕೆ ಇಳಿಸಿತು. ಅದೇ ಅಳತೆ ಪುಸ್ತಕ, ನಮ್ಮ ಹಳ್ಳಿಗರ ಬಾಯಲ್ಲಿ ‘ಎಂ.ಬಿ.’ ಅದರಲ್ಲಿ ಬರೆಯದೆ ಬಿಲ್ಲಿಲ್ಲ. ಕೊನೆಯ ಬಿಲ್ಲು ಪಾವತಿಯಾದ ಮೇಲೂ ಕೆಲ ಕಾಲ ಭದ್ರತಾ ಠೇವಣಿಯನ್ನು ತಡೆಹಿಡಿಯುವ ಪದ್ಧತಿಯೂ ಬಂತು. ಒಂದು ಮಳೆಗಾಲ ಕಳೆಯಲಿ, ಆಗ ನೋಡೋಣ ಎಂಬುದೇ ಅದರ ಅರ್ಥ. ಪುಸ್ತಕದಲ್ಲಿ ಸುಳ್ಳು ಬರೆಯಬಹುದು, ಬರೆದವರೂ ಉಂಟು. ಆದರೂ ತಲೆ ಕಡಿಯುವ ಬದಲು ಅಳೆಯುವ ಹಂತಕ್ಕೆ ಬಂದದ್ದು ಸಣ್ಣ ದೂರವಲ್ಲ.

ನೀರಿಗಿಂತ ಮೊದಲು ಬಂದ ಬಿಲ್ಲು

ಆದರೆ ಅಳತೆ ಏಕಮುಖವಾದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನವಲಗುಂದವೇ ಉದಾಹರಣೆ. ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಎದ್ದಿತು, ಕಾಲುವೆಗಳು ಎರೆಭೂಮಿಗೆ ಇಳಿದವು. ಸರ್ಕಾರದ ಕಡತದಲ್ಲಿ ಕೆಲಸ ಮುಗಿದಿತ್ತು. ಹೊಲದ ಕಡೆಯಿಂದ ನೋಡಿದವರಿಗೆ ಹಾಗೆ ಕಾಣಲಿಲ್ಲ. ಕಾಲುವೆಯ ತುದಿಯವರಿಗೆ ನೀರು ಸರಿಯಾಗಿ ಮುಟ್ಟಲಿಲ್ಲ, ಬಸಿದು ಹೋಗದ ನೀರು ನಿಂತು ಕೆಲವೆಡೆ ಎರೆ ಜವಳಾಯಿತು. ಹೀಗಿರುವಾಗ ಭೂಮಿಯ ಬೆಲೆ ಹೆಚ್ಚಿದೆ ಎಂಬ ಲೆಕ್ಕದಲ್ಲಿ ಅಭಿವೃದ್ಧಿ ಕರದ ನೋಟೀಸು ಮನೆಬಾಗಿಲಿಗೆ ಬಂತು. 1980ರ ಜುಲೈ 21ರಂದು ನರಗುಂದ ಮತ್ತು ನವಲಗುಂದಗಳಲ್ಲಿ ರೈತರ ಮೇಲೆ ಗೋಲಿಬಾರ್ ನಡೆದು ಜೀವಗಳು ಹೋದವು. ಆ ಕಿಡಿಯಿಂದ ರಾಜ್ಯದಾದ್ಯಂತ ರೈತ ಚಳವಳಿ ಹಬ್ಬಿತು.

ಒಂಬತ್ತು ವರ್ಷ ಕಾದ ರಾಯನ ಮಾತು ಇಲ್ಲಿ ನೆನಪಾಗಬೇಕು. ಬಲಿ ಕೊಟ್ಟ ಕೈಯೇ ಅದು, ಹೊಗಳುವ ಅಗತ್ಯವಿಲ್ಲ. ಆದರೆ ನೀರು ಮೊದಲು, ಬಿಲ್ಲು ಆಮೇಲೆ ಎಂಬ ಕ್ರಮ ಅಂದು ತಿಳಿದಿತ್ತು. 1980ರಲ್ಲಿ ಅದು ತಿರುವುಮುರುವಾಯಿತು.

ಮತ್ತೆ ಹಿತ್ತಲಿಗೆ

ಮಿಶ್ರಿಕೋಟಿಯ ಹಿತ್ತಲಿನ ಟಾಕಿಗೂ ಈ ಚರಿತ್ರೆಗೂ ಏನು ಸಂಬಂಧ ಎನ್ನಬಹುದು. ಸಂಬಂಧ ಇದೆ. ಅಗೆತ ಕಣ್ಣಿಗೆ ಕಾಣುತ್ತದೆ, ಅಳೆಯಬಹುದು. ಗಿಲಾವಿನ ಒಳಗಿನ ಸಿಮೆಂಟು, ಪೈಪಿನ ಸುತ್ತಲಿನ ಸಂದು ಕಾಣುವುದಿಲ್ಲ. ಅಲ್ಲಿ ನೀರೇ ಅಳತೆಗೋಲು. ಹೊಸ ಸಿಮೆಂಟು ಮೊದಮೊದಲು ತಾನೇ ನೀರು ಹೀರುವುದರಿಂದ ಒಂದು ವಾರ ತುಂಬಿಸಿ ಬಿಡಬೇಕು. ಆಮೇಲೆ ಒಂದು ಬಕೆಟ್ಟಿಗೆ ಅದೇ ನೀರು ತುಂಬಿ, ಅಂಚು ಮೇಲಿರುವಂತೆ ಟಾಕಿಯ ಮೆಟ್ಟಿಲ ಮೇಲಿಟ್ಟು, ಒಳಗೂ ಹೊರಗೂ ನೀರಿನ ಮಟ್ಟಕ್ಕೆ ಗೆರೆ ಎಳೆಯಬೇಕು. ಎರಡು ದಿನದ ನಂತರ ಎರಡೂ ಸಮನಾಗಿ ಇಳಿದಿದ್ದರೆ ಅದು ಬಿಸಿಲಿನ ಪಾಲು. ಟಾಕಿಯ ನೀರು ಹೆಚ್ಚು ಇಳಿದಿದ್ದರೆ ಸೋರಿಕೆ. ಹುಲ್ಲಿನ ಕಂಬದಂತೆ ಈ ಬಕೆಟ್ಟೂ ಯಾರ ಪಕ್ಷವನ್ನೂ ವಹಿಸುವುದಿಲ್ಲ. ಎಷ್ಟು ಹಣವನ್ನು ಈ ಪರೀಕ್ಷೆಯ ತನಕ ತಡೆಹಿಡಿಯುವುದು ಎಂಬುದನ್ನು ಅಗೆಯುವ ಮೊದಲೇ ಕಾಗದದಲ್ಲಿ ಬರೆದಿಟ್ಟರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಆದರೆ ಒಂದು ಎಚ್ಚರ ಬೇಕು. ಮಾಲೀಕ ಗುತ್ತಿಗೆದಾರನ ಹಣ ತಡೆದರೆ ಗುತ್ತಿಗೆದಾರ ಕೂಲಿಯವರ ಪಗಾರ ತಡೆಯುತ್ತಾನೆ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡವನೇ ಕೊಡಬೇಕೆಂಬ ತತ್ವವನ್ನು 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ ತಂದಿತು. ಆದರೆ ಅದು 20 ಅಥವಾ ಹೆಚ್ಚು ಜನ ದುಡಿಯುವ ಕಡೆಗೆ ಮಾಡಿದ ಕಾಯ್ದೆ. ನಾಲ್ಕೈದು ಜನರ ಹಿತ್ತಲಿನ ಕೆಲಸ ಅದರ ಹೊರಗೇ ಉಳಿಯಿತು. ಬುಟ್ಟಿ ಹೊತ್ತವಳಿಗೂ ಸೋರುವ ಪೈಪಿಗೂ ಸಂಬಂಧವಿಲ್ಲ. ತಡೆಹಿಡಿಯುವುದು ಗುತ್ತಿಗೆದಾರನ ಲಾಭದ ಪಾಲಾಗಬೇಕು, ಅವಳ ವಾರದ ಸಂತೆಯ ದುಡ್ಡಾಗಬಾರದು.

ಭಾಗೀರಥಿಯ ಕಾಲ ಹೋಯಿತು ಎಂದು ನಾವು ಸಮಾಧಾನ ಪಡುತ್ತೇವೆ. ಟಾಕಿ ತುಂಬಿದ ದಿನ ಕೂಲಿ ಸಿಗದೆ ಮನೆಗೆ ಮರಳುವವರು ಯಾರೂ ಇಲ್ಲವೆಂದಾದರೆ ಮಾತ್ರ ಅದು ನಿಜ.