ಮಣ್ಣಿನ ಮಾಳಿಗೆ, ಪುರಸಭೆಯ ನೋಟಿಸು

1956ರ ನವೆಂಬರ್ 1ರಂದು ಬೀದರ್ ಜಿಲ್ಲೆಯ ನಾರಾಯಣಖೇಡ, ಜಹೀರಾಬಾದ್ ತಾಲೂಕಿನ ಬಹುಭಾಗ ಮತ್ತು ಗುಲ್ಬರ್ಗಾದ ತಾಂಡೂರು ಆಂಧ್ರಪ್ರದೇಶಕ್ಕೆ ಸೇರಿದವು. ಕಚೇರಿಗಳು ಬದಲಾದರೂ ಮನೆ ಕಟ್ಟುವ ಬಗೆ ಉಳಿಯಿತು: ದಪ್ಪ ಮಣ್ಣಿನ ಗೋಡೆ, ತೊಲೆ, ಜಂತಿ, ಮೇಲೆ ಮಣ್ಣಿನ ಮಾಳಿಗೆ, ತಾಂಡೂರಿನ ಕಡೆ ಪರ್ಸಿ ಕಲ್ಲು. ಬೇಸಿಗೆಗೆ ಇಂಥ ತಂಪು ಬೇರೆಲ್ಲಿ? ಆದರೆ ಸೋರುತ್ತದೆಂದು ಹಳೆಯದನ್ನು ತೆಗೆಯದೆ ಹೊಸ ಮಣ್ಣು ಹಾಕುತ್ತ ಹೋದರೆ ಭಾರ ಹೆಚ್ಚುತ್ತದೆ. ಜಡಿಮಳೆಗೆ ಆ ಮಣ್ಣು ನೀರು ಕುಡಿಯುತ್ತದೆ, ಗೋಡೆಯ ಬುಡ ನೆನೆಯುತ್ತದೆ, ಗೆದ್ದಲು ತಿಂದ ತೊಲೆ ಮುರಿಯುತ್ತದೆ. ಮಲಗಿದವರ ಮೇಲೆ ಮಾಳಿಗೆ ಕುಸಿಯುವುದನ್ನು ವಿಧಿ ಎನ್ನಲು ನಾನು ಒಪ್ಪಲಾರೆ. ಅದರ ಸೂಚನೆ ಮೊದಲೇ ಕಾಣುತ್ತದೆ.

1908ರಲ್ಲಿ ಹೈದರಾಬಾದಿನ ಮೂಸಿ ನದಿಗೆ ಬಂದ ಪ್ರವಾಹದ ನಂತರ, ಈ ಊರುಗಳನ್ನೂ ಆಗ ಆಳುತ್ತಿದ್ದ ನಿಜಾಮ ಸರ್ಕಾರ ನಗರ ಸುಧಾರಣಾ ಮಂಡಳಿ ಕಟ್ಟಿತು. ಆದರೆ ಅದರ ದೃಷ್ಟಿ ಹೈದರಾಬಾದ್ ನಗರದ ಮೇಲಿತ್ತು. ಅಪಾಯದ ಕಟ್ಟಡವನ್ನು ದುರಸ್ತಿ ಮಾಡಿ ಇಲ್ಲವೇ ಕೆಡವಿ ಎಂದು ಆಜ್ಞಾಪಿಸುವ ಅಧಿಕಾರವನ್ನು ಆಂಧ್ರಪ್ರದೇಶದ 1965ರ ಕಾಯ್ದೆ ಪುರಸಭೆಗಳಿಗೆ ಕೊಟ್ಟಿತ್ತು, ಈ ಊರುಗಳು ಈಗಿರುವ ತೆಲಂಗಾಣದ 2019ರ ಕಾಯ್ದೆಯಲ್ಲೂ ಅದು ಉಳಿಯಿತು. 2020ರ ಟಿಎಸ್-ಬಿಪಾಸ್ ಎಂಬ ಆನ್‌ಲೈನ್ ವ್ಯವಸ್ಥೆ ಹೊಸ ಮನೆಯ ಪರವಾನಗಿಯನ್ನು ಸರಾಗಗೊಳಿಸಿತು. ಹಳೆಯ ಮನೆಗೆ ಮಾತ್ರ ಇಂದಿಗೂ ಮಳೆಗಾಲದ ನೋಟಿಸೇ ಗತಿ. ಕಟ್ಟುನಿಟ್ಟು ಮಾಡಿದರೆ ಬಡವರು ಬೀದಿಗೆ ಬೀಳುತ್ತಾರೆ ಎಂಬ ಆಕ್ಷೇಪ ನಿಜವೇ, ಕೆಡವುವುದೊಂದೇ ಕ್ರಮವಾದರೆ. ದುರಸ್ತಿಯೂ ಕಾನೂನಿನಲ್ಲೇ ಇದೆ. ಬಾಡಿಗೆದಾರ ಮನೆ ಬಿಡಿಸುತ್ತಾರೆಂದು ಅಂಜಿ ದೂರು ಕೊಡುವುದಿಲ್ಲ. ಆದ್ದರಿಂದ ತಪಾಸಣೆ ದೂರಿಗೆ ಕಾಯದೆ ಮೇ ತಿಂಗಳಲ್ಲೇ ನಡೆಯಬೇಕು. ಉಳ್ಳ ಮಾಲೀಕ ಸುಮ್ಮನಿದ್ದರೆ ಪುರಸಭೆಯೇ ತೊಲೆ ಬದಲಿಸಿ ಖರ್ಚನ್ನು ಮನೆ ತೆರಿಗೆಯೊಂದಿಗೆ ವಸೂಲು ಮಾಡಲಿ. ಇಲ್ಲದವನಿಗೆ ಸಹಾಯಧನ ಕೊಡಲಿ.